ಸುಶೀಲಾ ಆರಿಸಿದ ಎಂಟು ಪ್ಲೇಟು

"ಏ... ಆ ಹಾಡು ನಿಲ್ಲಸ್ರಿ ಮೊದಲ!"

ಮದುವೆ ಚಪ್ಪರದ ಮೂಲೆಯಲ್ಲಿ ಗ್ರಾಮಫೋನಿನ ಮುಂದೆ ಕೂತಿದ್ದ ಚನಬಸಪ್ಪ ತಲೆ ಎತ್ತಿದ. ಹಸಿರು ಇಳಕಲ್ ಸೀರೆಯ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಮುಖದಲ್ಲಿ ಎಲ್ಲಿಲ್ಲದ ಸಿಟ್ಟು!

"ಯಾಕ್ರಿ? ಹಾಡು ಚಲೋ ಇಲ್ಲೇನು?"

"ಹಾಡು ಚಲೋ ಐತಿ. ಅದಕ್ಕ ಹೇಳಾಕತ್ತೇನಿ. ಹೊಸಾ ಪ್ಲೇಟಿಗೆ ಸವದ ಸೂಜಿ ಹಚ್ಚೀರಿ! ಆಕಿ ಹಾಡಾಕತ್ತಾಳೋ, ಗಂಟಲದಾಗ ಉಸುಕು ತುಂಬಿಕೊಂಡಾಳೋ ಒಂದೂ ತಿಳಿವಲ್ದು."

ಚನಬಸಪ್ಪನಿಗೆ ಮೈಯೆಲ್ಲ ಉರಿಯಿತು. ಹಳಿಯಾಳದಿಂದ ಮುಂಡಗೋಡದವರೆಗೆ ಎಷ್ಟು ಮದುವೆಗೆ ಮೈಕ್ ಕಟ್ಟಿದ್ದನೋ ಅವನಿಗೇ ನೆನಪಿಲ್ಲ. ಹೀಗೆ ಮುಖ ಮೋರೆ ನೋಡದೆ ಅಂದವರು ಯಾರೂ ಇರಲಿಲ್ಲ.

"ಈ ಪೆಟಗಿ ನಿಮ್ದೇನ್ರಿ?"

"ಪೆಟಗಿ ನಿಮ್ದು. ಕಿವಿ ನನ್ವು!"

ಸುತ್ತಲಿದ್ದ ಹೆಂಗಸರು ಕಿಸಕ್ಕೆಂದು ನಕ್ಕರು. ಮೈಕಿನವರ ಗುಟ್ಟು ಇಷ್ಟೇ. ಒಂದು ಹಾಡಿಗೆ ಒಂದು ಸೂಜಿ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಇವರು ಒಂದೇ ಸೂಜಿಯಲ್ಲಿ ಹತ್ತು ಹಾಡು ಎಳೆಯುತ್ತಾರೆ. ಮದುವೆಯ ಗದ್ದಲದಲ್ಲಿ ಯಾರಿಗೆ ತಿಳಿಯಬೇಕು? ಈ ಹುಡುಗಿಗೆ ತಿಳಿದುಬಿಟ್ಟಿತ್ತಲ್ಲ!

ಚನಬಸಪ್ಪ ಹೊಸ ಸೂಜಿ ಹಾಕಿದ. ಪ್ಲೇಟು ತಿರುಗಿತು. ಹಾಡುವವಳ ದನಿ ತೊಳೆದಿಟ್ಟಷ್ಟು ಸ್ವಚ್ಛವಾಗಿ ಬಂತು.

ಹುಡುಗಿ ತಾನು ಜಗಳಕ್ಕೆ ಬಂದದ್ದನ್ನೇ ಮರೆತಳು. ಕಣ್ಣು ಮುಚ್ಚಿ ಅಲ್ಲೇ ಕಂಬಕ್ಕೆ ಒರಗಿ ನಿಂತಳು. ಹಾಡು ಮುಗಿದಾಗ ಕಣ್ಣಂಚು ಒದ್ದೆಯಾಗಿತ್ತು.

ಚನಬಸಪ್ಪ ಅದನ್ನು ನೋಡಿದ. ಅಷ್ಟೇ... ಅವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೂ ಗೊತ್ತಾಗಲಿಲ್ಲ.

*

ಅವಳು ಸುಶೀಲಾ. ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆ ಸೇರಿದ ಅಂದಾನೆಪ್ಪನ ಒಬ್ಬಳೇ ಮಗಳು. ಅವಳಿಗೂ ಅಲ್ಲೇ ಕೆಲಸ. ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಚುಕ್ಕೆ, ಗೆರೆ, ಮಡಿಕೆ ಇದ್ದುದನ್ನು ಬೇರೆ ಮಾಡಬೇಕು. ಅವಳ ಕಣ್ಣು ತಪ್ಪಿಸಿ ಒಂದು ಕೆಟ್ಟ ಹಾಳೆ ಹೊರಗೆ ಹೋಗುತ್ತಿರಲಿಲ್ಲ.

ಹಾಡಿನ ವಿಷಯದಲ್ಲೂ ಹಾಗೇ. ಸಂಜೆ ಕಾರ್ಖಾನೆಯ ಸೈರನ್ನು ಆದರೆ ಸಾಕು, ಎಲ್ಲರೂ ಮನೆಯ ದಾರಿ ಹಿಡಿದರೆ ಇವಳು ಕಾರ್ಮಿಕರ ಕ್ಲಬ್ಬಿನ ಕಟ್ಟೆಗೆ. ಅಲ್ಲಿ ರೇಡಿಯೋ ಇತ್ತು. ಧಾರವಾಡ ಕೇಂದ್ರದಿಂದ ಹೊಸ ಹಾಡು ಬಂದರೆ ಒಂದೊಂದನ್ನೂ ಹಾಳೆಯಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮರುದಿನ ಪಕ್ಕದ ಮೇಜಿನ ಸಕ್ಕುಬಾಯಿಗೆ ಅದರ ವರದಿ ತಪ್ಪುತ್ತಿರಲಿಲ್ಲ.

ಆ ಮದುವೆಯೂ ಸಕ್ಕುಬಾಯಿಯ ಮಗಳದೇ.

"ಮೈಕಿನಾಂವ ನಿನ್ನ ವಿಚಾರಸ್ತಿದ್ದ ನೋಡವಾ," ಎಂದಳು ಸಕ್ಕುಬಾಯಿ, ಒಂದು ವಾರ ಕಳೆದ ಮೇಲೆ.

"ಬೈಯಾಕೇನು?"

"ಬೈಯೂ ಮಂದಿ ಹೆಸರ ಕೇಳೂದಿಲ್ಲ!"

"ಸುಮ್ನಿರ ಮಾವಶಿ..." ಎಂದಳು ಸುಶೀಲಾ. ಆ ದಿನ ಮಾತ್ರ ಅವಳ ಕೈಯಿಂದ ಎರಡು ಕೆಟ್ಟ ಹಾಳೆ ಒಳ್ಳೆಯ ಹಾಳೆಗಳ ಜೊತೆ ಸೇರಿಹೋದವು.

ಭಾನುವಾರದ ಸಂತೆಯಲ್ಲಿ ಚನಬಸಪ್ಪ ಎದುರಾದ. ಹಳಿಯಾಳದಲ್ಲಿ ಅವನದೊಂದು ಸಣ್ಣ ಅಂಗಡಿ. ಮೈಕ್ ಬಾಡಿಗೆ ಕೊಡುವುದು, ಕೆಟ್ಟ ಗ್ರಾಮಫೋನು ರಿಪೇರಿ ಮಾಡುವುದು. ಮಳೆಗಾಲದಲ್ಲಿ ಮದುವೆ ಇಲ್ಲದಾಗ ಪ್ರತಿ ಭಾನುವಾರ ದಾಂಡೇಲಿ ಸಂತೆಗೆ ಪೆಟ್ಟಿಗೆ ಹೊತ್ತು ಬಂದು, ಚಹಾದ ಹೋಟೆಲ್ಲಿನ ಮುಂದೆ ಕೂಡುತ್ತಿದ್ದ.

ಅವನು ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ತೋರಿಸಿದ.

"ಹೊಸಾ ಸೂಜಿ ತಂದೇನ್ರಿ. ಈಗ ಒಂದಕ್ಕ ಒಂದು. ಪರೀಕ್ಷಾ ಮಾಡ್ತೀರೇನು?"

ಸುಶೀಲಾಗೆ ನಗು ತಡೆಯಲಾಗಲಿಲ್ಲ. ಸಕ್ಕುಬಾಯಿ ಬದನೆಕಾಯಿ ಆರಿಸುವ ನೆಪದಲ್ಲಿ ನಾಲ್ಕು ಹೆಜ್ಜೆ ಆ ಕಡೆ ಸರಿದಳು.

ಅಂದಿನಿಂದ ಪ್ರತಿ ಭಾನುವಾರ ಸಕ್ಕುಬಾಯಿಯ ಬದನೆಕಾಯಿ ಆರಿಸುವ ಕೆಲಸ ಬಹಳ ಹೊತ್ತು ಹಿಡಿಯತೊಡಗಿತು.

*

ದಸರೆ ಮುಗಿಯಿತು. ಹೊಸ ಪ್ಲೇಟುಗಳು ಬರುವ ಕಾಲ. ಚನಬಸಪ್ಪ ಹುಬ್ಬಳ್ಳಿಯ ಅಂಗಡಿಯಿಂದ ಆ ಹಂಗಾಮಿನ ಪಟ್ಟಿ ತಂದಿದ್ದ. ಸುಶೀಲಾಳ ಮುಂದೆ ಅದನ್ನು ಹರವಿ ಕೂತ.

"ತುಳಸಿ ಲಗ್ನ ಆದ ಕೂಡಲೇ ಮದುವಿ ಚಾಲೂ ಆಗ್ತಾವ್ರಿ. ಎಂಟು ಪ್ಲೇಟು ತರೂದು. ಯಾವ್ವು ತರ್ಲಿ? ನೀವ ಹೇಳ್ರಿ."

ನನ್ನ ಕೇಳುತ್ತಿದ್ದಾನೆ... ನನ್ನ! ಸುಶೀಲಾಳ ಎದೆ ಉಬ್ಬಿತು. ಇಷ್ಟು ವರ್ಷ ಅವಳ ಹಾಡಿನ ಹುಚ್ಚು ಮನೆಯಲ್ಲಿ ಬೈಸಿಕೊಳ್ಳಲು, ಕಾರ್ಖಾನೆಯಲ್ಲಿ ನಗಿಸಲು ಮಾತ್ರ ಉಪಯೋಗಕ್ಕೆ ಬಂದಿತ್ತು.

"ಈ ಮೊದಲನೇದ್ದು ಬ್ಯಾಡ," ಎಂದು ಬೆರಳಿಟ್ಟಳು. "ಬಾಜಾ ಜೋರು, ಹಾಡಾಂವ ಹಿಂದ ಓಡಿ ಬರ್ತಾನ. ಈ ಶಿವನ ಪದ ತರ್ರಿ. ದನಿಗೆ ವಯಸ್ಸಾಗೈತಿ ಖರೆ, ಕಡೀ ನುಡಿಯೊಳಗ ಅಳು ನುಂಗ್ಯಾನ ನೋಡ್ರಿ... ಅದನ್ನ ಕಲಸಾಕ ಬರೂದಿಲ್ಲ."

"ಈ ನಗಿ ಹಾಡು?"

"ಒಮ್ಮೆ ನಗ್ತಾರ. ಎರಡನೇ ಸಲ ಆಕಳಸ್ತಾರ."

"ಇದು ಸಿನಿಮಾದ್ದು. ಭಾಳ ಓಡಾಕತ್ತೈತಿ."

"ಮೊದಲ ಸಲ ಕೇಳಿದಾಗ ಸಿಟ್ಟ ಬಂತ್ರಿ. ಮೂರನೇ ಸಲಕ್ಕ ನಾನ ಗುಣಗುಣಸಾಕತ್ತಿದ್ದೆ. ಸೋತೆ. ತರ್ರಿ ಅದನ್ನ!"

ಚನಬಸಪ್ಪ ಎಲ್ಲದಕ್ಕೂ ಹೂಂ ಅನ್ನುವ ಗಿರಾಕಿ ಅಲ್ಲ. ಅವಳು ಬೇಡವೆಂದ ಒಂದು ಪ್ಲೇಟನ್ನು ಬಿಡಲೊಲ್ಲದೆ ಹಟ ಹಿಡಿದ.

"ಇದು ಬೇಕ ಬೇಕ್ರಿ. ಊಟದ ಪಂಕ್ತಿಗೆ ಓಡೂ ಹಾಡು ಹಚ್ಚಬೇಕು. ನಿಧಾನ ಹಾಡು ಹಚ್ಚಿದ್ರ ಮಂದಿ ನಿಧಾನ ಉಣತಾರ, ಎರಡನೇ ಪಂಕ್ತಿಯವರು ನನಗ ಬೈತಾರ!"

ಸುಶೀಲಾ ಬಿದ್ದು ಬಿದ್ದು ನಕ್ಕಳು, ಅದಕ್ಕೂ ಹೂಂ ಅಂದಳು. ಹಾಡಿಗೆ ಹೀಗೂ ಒಂದು ಉಪಯೋಗವಿದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಏಳು ಪ್ಲೇಟಿಗೆ ಗುರುತು ಬಿತ್ತು. ಚನಬಸಪ್ಪ ಪೆನ್ಸಿಲ್ಲನ್ನು ಅವಳ ಕೈಗೇ ಕೊಟ್ಟ.

"ಎಂಟನೇದ್ದು ಮದುವಿ ಮಂದಿಗಲ್ರಿ. ನಿಮಗ ಭಾಳ ಸೇರಿದ್ದು ಯಾವ್ದು?"

ಅವಳು ಯೋಚಿಸಲೇ ಇಲ್ಲ. ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಒಂದು ಬೀಸುವ ಪದಕ್ಕೆ ಗುರುತು ಹಾಕಿದಳು.

"ತಬಲಾ ಇಲ್ಲ, ಬಾಜಾ ಇಲ್ಲ. ಒಂದ ದನಿ. ನಾವು ಹಳ್ಳ್ಯಾಗಿದ್ದಾಗ ನಮ್ಮವ್ವ ನಸುಕಿನ್ಯಾಗ ಬೀಸಾಕ ಕುಂತ್ರ ಹಿಂಗ ಹಾಡ್ತಿದ್ಲು. ಇದನ್ನ ಯಾರೂ ಕೊಳ್ಳೂದಿಲ್ಲ. ಅದಕ್ಕ ನನಗ ಅದರ ಮ್ಯಾಲ ಹೆಚ್ಚಿಗಿ ಪ್ರೀತಿ."

ಚನಬಸಪ್ಪ ಪಟ್ಟಿಯನ್ನು ಮಡಿಸಿ ಎದೆಯ ಜೇಬಿಗೆ ಹಾಕಿಕೊಂಡ. ಹೊರಡುವಾಗ ತಿರುಗಿ ನಿಂತ.

"ಪ್ಲೇಟು ತಂದ ಮ್ಯಾಲ ನಿಮಗ ಒಂದು ಮಾತು ಕೇಳೂದೈತ್ರಿ."

"ಈಗ ಕೇಳ್ರಿ."

"ಊಂಹೂಂ. ಅದಕ್ಕಿಂತ ಮೊದಲ ಒಂದು ಕೆಲಸ ಐತಿ."

ಏನು ಮಾತು? ಏನು ಕೆಲಸ? ಸುಶೀಲಾಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಆ ವಾರವಿಡೀ ಅವಳು ನೆಲದ ಮೇಲೆ ನಡೆಯಲಿಲ್ಲ.

*

ತುಳಸಿ ಲಗ್ನ ಮುಗಿದ ನಾಲ್ಕನೆಯ ದಿನ ಸಕ್ಕುಬಾಯಿಗೆ ಹಳಿಯಾಳದಲ್ಲಿ ಬಳೆ ಕೊಳ್ಳುವ ಕೆಲಸ ಬಂತು. ಸುಶೀಲಾ ತಾನೂ ರಜೆ ಹಾಕಿ ಜೊತೆಗೆ ಹೊರಟಳು. ಬಸ್ಸಿಳಿದು ಪೇಟೆಗೆ ಬಂದಾಗ ಕಿವಿಗೆ ಬಿತ್ತು... ಅವಳು ಆರಿಸಿದ ಶಿವನ ಪದ!

"ಮಾವಶಿ, ನೀ ಬಳಿ ನೋಡ್ತಿರು. ಹಿಂಗ ಹೋಗಿ ಹಂಗ ಬಂದೆ."

ದನಿ ಹಿಡಿದು ಓಣಿ ಹೊಕ್ಕಳು. ಶಿವನ ಪದ ಮುಗಿದು ಸಿನಿಮಾ ಹಾಡು ಬಂತು. ಹೌದು, ತನ್ನವೇ! ಒಂದೊಂದೂ ತನ್ನವೇ! ಓಣಿಯ ತಿರುವಿನಲ್ಲಿ ಅವನ ಅಂಗಡಿಯ ಹಲಗೆ ಕಂಡಿತು, ಅದಕ್ಕೆ ಅಂಟಿಕೊಂಡೇ ಅವನ ಮನೆ.

ಸುಶೀಲಾ ಗಕ್ಕನೆ ನಿಂತಳು.

ಮನೆಯ ಮಾಳಿಗೆ ಮೇಲೆ ಮೈಕಿನ ಅಗಲ ಬಾಯಿಯ ಭೋಂಗಾ ಕಟ್ಟಿತ್ತು. ಬಾಗಿಲಲ್ಲಿ ಏಳೆಂಟು ಹೆಂಗಸರು. ಒಳಗೆ ಹೋಗುವವರು, ಹೊರಗೆ ಬರುವವರು. ಚನಬಸಪ್ಪ ಬಿಳಿ ಧೋತರ ಉಟ್ಟು ಹೊಸ್ತಿಲಲ್ಲಿ ನಿಂತು ಯಾರಿಗೋ ನಗುತ್ತ ಏನೋ ಹೇಳುತ್ತಿದ್ದ.

ಈ ಸೀಮೆಯಲ್ಲಿ ಮನೆಯ ಮೇಲೆ ಭೋಂಗಾ ಏರಿತೆಂದರೆ ಅರ್ಥ ಒಂದೇ. ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಮದುವೆ ಮನೆ.

ಅಷ್ಟರಲ್ಲಿ ಹಾಡು ಬದಲಾಯಿತು. ತಬಲಾ ಇಲ್ಲ, ಬಾಜಾ ಇಲ್ಲ. ಒಂದೇ ದನಿ...

ಎಂಟನೆಯ ಪ್ಲೇಟು!

'ಆಂವನ ಲಗ್ನಕ್ಕ... ನಾನ ಹಾಡು ಆರಿಸಿ ಕೊಟ್ಟೆ!'

ಯಾರನ್ನೂ ಏನೂ ಕೇಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದ ದಾರಿಯಲ್ಲೇ ಓಡಿದಳು.

"ಯಾಕ? ಮಾರಿ ಯಾಕ ಹಿಂಗ ಬಾಡೇತಿ?" ಎಂದು ಸಕ್ಕುಬಾಯಿ ಗಾಬರಿಯಾದಳು.

"ಬಿಸಲು ಮಾವಶಿ..."

ನವೆಂಬರಿನ ಬಿಸಿಲು! ಸಕ್ಕುಬಾಯಿ ಅವಳ ಮುಖವನ್ನೇ ನೋಡಿದಳು, ಮುಂದೆ ಕೇಳಲಿಲ್ಲ.

*

ಮರುದಿನವೇ ಅಂದಾನೆಪ್ಪ ಮಗಳನ್ನು ಹತ್ತಿರ ಕರೆದ.

"ತೇರಗಾಂವದಾಗ ಒಂದು ಮನಿ ಐತವಾ. ಹೊಲ ಐತಿ, ಮಂದಿ ಒಳ್ಳೇವರು. ಬರೂ ಐತವಾರ ಬಂದು ವೀಳ್ಯೆ ಮಾಡಿ ಲಗ್ನ ಗಟ್ಟಿ ಮಾಡೂಣು ಅಂತಾರ. ನಿನ್ನ ಮನಸಿನ್ಯಾಗ ಏನರ ಇದ್ರ ಹೇಳು."

ಹಿಂದಿನ ವಾರ ಕೇಳಿದ್ದರೆ... ಎಂದುಕೊಂಡಳು ಸುಶೀಲಾ.

"ನೀ ಹೇಳಿದಂಗ ಅಪ್ಪಾ."

ಆ ವಾರ ಅವಳು ಕ್ಲಬ್ಬಿನ ಕಟ್ಟೆಗೆ ಹೋಗಲಿಲ್ಲ. ರೇಡಿಯೋದ ದನಿ ಗಾಳಿಯಲ್ಲಿ ತೇಲಿ ಮನೆಯವರೆಗೆ ಬಂದರೆ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಹೊಸ ಹಾಡು ಬಂದಿದೆಯಂತೆ ಎಂದು ಯಾರಾದರೂ ಹೇಳಿದರೆ, "ನನಗ್ಯಾಕ ಅದು?" ಅನ್ನುವಳು. ಸಕ್ಕುಬಾಯಿಗೆ ವರದಿ ಒಪ್ಪಿಸುವುದೂ ನಿಂತಿತು. ಹಾಡು ಕೇಳದೆ ಇಷ್ಟು ದಿನ ಅವಳು ಎಂದೂ ಇದ್ದಿರಲಿಲ್ಲ... ಅನ್ನ ಬಿಟ್ಟವಳ ಹಾಗೆ ಸೊರಗಿದಳು.

ಭಾನುವಾರ ಬಂತು. ತೇರಗಾಂವದವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಬೆಳಿಗ್ಗೆ ಸುಶೀಲಾ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಾಗ ಎದುರಿಗೆ ಒಂದು ಜೊತೆ ಚಪ್ಪಲಿ ಬಂದು ನಿಂತವು.

ತಲೆ ಎತ್ತಿದಳು. ಚನಬಸಪ್ಪ! ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು.

"ಸಂತ್ಯಾಗ ಸಕ್ಕುಬಾಯಾರು ಸಿಕ್ಕಿದ್ರು. ಇವತ್ತ ನಿಮ್ಮ ವೀಳ್ಯೆ ಐತಿ ಅಂದ್ರು. ಖರೇನ್ರಿ?"

"ನೀವೊಬ್ರ ಲಗ್ನ ಆಗಬೇಕೇನು? ನಮಗೂ ಆಗ್ತಾವ!"

"ನನ್ನ ಲಗ್ನಾ? ಯಾವಾಗ?"

"ನಾಟಕ ಸಾಕ್ರಿ! ನನ್ನ ಕಣ್ಣಿಲೇ ನೋಡೇನಿ. ನಿಮ್ಮ ಮಾಳಿಗಿ ಮ್ಯಾಲ ಭೋಂಗಾ, ಬಾಗಲಾಗ ಮಂದಿ, ಹೊಸಾ ಧೋತರಾ... ನನ್ನ ಕೈಲೇ ಹಾಡು ಆರಿಸಿಕೊಂಡ್ರಲ್ಲ... ಅಂಥಾ ಮನಸ ಹೆಂಗ ಬಂತ್ರಿ ನಿಮಗ?"

ತಡೆದುಕೊಂಡಿದ್ದ ಅಳು ಒಮ್ಮೆಲೇ ಬಂತು. ರಂಗೋಲಿಯ ಬಟ್ಟಲು ಕೈಜಾರಿತು.

ಚನಬಸಪ್ಪ ಮೆಲ್ಲಗೆ ಕೇಳಿದ.

"ಭೋಂಗಾದ ಬಾಯಿ ಯಾವ ಕಡೆ ಇತ್ತು ನೋಡಿದ್ರೇನು?"

"ಏನು?"

"ಮದುವಿ ಮನ್ಯಾಗ ಭೋಂಗಾದ ಬಾಯಿ ಓಣಿ ಕಡೆ ಇರ್ತೈತ್ರಿ. ನಮ್ಮನಿಯಾಗ ಒಳ ಅಂಗಳದ ಕಡೆ ಇತ್ತು. ಅಂಗಳದಾಗ ನಮ್ಮವ್ವ ಕುಂತಿದ್ಲು."

ಸುಶೀಲಾ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ನಮ್ಮವ್ವಗ ಎರಡು ವರ್ಷ ಆತು, ಭಾಳ ಜೋರ ಇಲ್ಲಂದ್ರ ಕಿವಿ ಕೇಳೂದಿಲ್ಲ. ಜ್ವರ ಬಂದು ಕಿವಿ ಮಂದ ಆದ್ವು. ಮಗ ಊರಿಗೆಲ್ಲಾ ಹಾಡು ಕೇಳಸ್ತಾನ, ಆಕಿಗಿ ಒಂದೂ ಕೇಳಸೂದಿಲ್ಲ. ನೀವ ಆರಿಸಿದ ಎಂಟೂ ಪ್ಲೇಟು ಆಕಿಗಿ ಕೇಳಸಬೇಕಂತ ಭೋಂಗಾ ಕಟ್ಟಿದ್ದೆ. ಗದ್ಲಕ್ಕ ಓಣಿ ಮಂದಿ ಕೂಡಿದ್ರು. ಧೋತರಾ... ಸೋಮವಾರ ಇತ್ರಿ, ಗುಡಿಗೆ ಹೋಗಿ ಬಂದಿದ್ದೆ."

"ಮತ್ತ... ಒಂದು ಕೆಲಸ ಐತಿ ಅಂದಿದ್ರಿ..."

"ಅದ ಕೆಲಸ! ಇಂಥಾ ಹುಡುಗಿ ಅದಾಳ ಅಂತ ಬರೇ ಬಾಯ್ಲೆ ಒದರಿ ಹೇಳಿದ್ರ ಅವ್ವಗ ತಿಳಿಯೂದಿಲ್ಲ. ಆಕಿ ಆರಿಸಿದ ಹಾಡು ಕೇಳಿಸಿದೆ. ಬೀಸೂ ಪದ ಹಚ್ಚಿದಾಗ ಅವ್ವ ಕಣ್ಣೀರ ತಗದ್ಲು. 'ಇದನ್ನ ಆರಿಸಿದಾಕಿನ್ನ ಮನಿಗೆ ಕರಕೊಂಡು ಬಾ' ಅಂದ್ಲು. ಅದನ್ನ ಕೇಳಾಕ ಇವತ್ತ ಓಡಿ ಬಂದೇನಿ... ನನ್ನ ಲಗ್ನ ಆಗ್ತೀರೇನ್ರಿ ಸುಶೀಲಾ?"

ಬೆಳಕಿಗೆ ಹಿಡಿದು ಕೂದಲಿನಷ್ಟು ಗೆರೆ ಹುಡುಕುವ ಕಣ್ಣು ಆ ದಿನ ಅಷ್ಟು ದೊಡ್ಡ ಭೋಂಗಾದ ಬಾಯಿ ಯಾವ ಕಡೆಗಿತ್ತೆಂದು ನೋಡಿರಲಿಲ್ಲ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಸುಶೀಲಾಗೆ ತನ್ನ ಮೇಲೇ ಕೋಪ ಬಂತು. ಅದರ ಹಿಂದೆಯೇ ಭಯ... ಮಧ್ಯಾಹ್ನದ ಬಸ್ಸು!

"ಇಲ್ಲೇ ನಿಂದರ್ರಿ," ಎಂದವಳೇ ಒಳಗೆ ಹೋದಳು.

ಅಂದಾನೆಪ್ಪ ಕನ್ನಡಿಯ ಮುಂದೆ ರುಮಾಲು ಸುತ್ತುತ್ತಿದ್ದ.

"ಅಪ್ಪಾ... ತೇರಗಾಂವದವರು ಬ್ಯಾಡ."

ರುಮಾಲು ಅರ್ಧಕ್ಕೇ ನಿಂತಿತು.

"ಏನಂದಿ? ಮಂದಿ ಬಸ್ ಹತ್ತಿರ್ತಾರ! ಅವತ್ತ ಕೇಳಿದಾಗ ಬಾಯಾಗ ಏನ ಇಟ್ಕೊಂಡಿದ್ದಿ?"

"ತಪ್ಪ ನಂದ ಅಪ್ಪಾ. ನೋಡಿದ್ದನ್ನ ಪೂರಾ ನೋಡದ ಸಿಟ್ಟು ಮಾಡಿಕೊಂಡು ಹೂಂ ಅಂದೆ. ಇನ್ನೂ ವೀಳ್ಯೆ ಆಗಿಲ್ಲ. ಇವತ್ತ ಸುಮ್ನ ಕುಂತ್ರ ಆ ಮನಿಯವರಿಗೂ ಮೋಸ ಮಾಡಿದಂಗ. ನನ್ನ ಬೈಯಿ, ಹೊಡಿ... ಆದ್ರ ನನ್ನ ಮನಸ ಹೊರಗ ನಿಂತೈತಿ."

ಅಂದಾನೆಪ್ಪ ಬಾಗಿಲಾಚೆ ನೋಡಿದ. ಚೆಲ್ಲಿದ ರಂಗೋಲಿಯನ್ನು ಚನಬಸಪ್ಪ ಕೂತು ಬಟ್ಟಲಿಗೆ ತುಂಬುತ್ತಿದ್ದ. ಅರ್ಧಕ್ಕರ್ಧ ಮಣ್ಣೇ ತುಂಬುತ್ತಿದ್ದ ಎನ್ನಿ, ಪಾಪ!

ಅಡುಗೆ ಮನೆಯ ಬಾಗಿಲಲ್ಲಿ ತಾಯಿ ಈರಕ್ಕ ಉಸಿರು ಬಿಗಿಹಿಡಿದು ನಿಂತಿದ್ದಳು.

"ಬಸ್ ಸ್ಟ್ಯಾಂಡಿಗೆ ನಾನ ಹೋಗ್ತೇನಿ," ಎಂದ ಅಂದಾನೆಪ್ಪ ಕೊನೆಗೆ. "ಕೈ ಮುಗದು, ತಪ್ಪಾತು ಅಂತ ಹೇಳಿ, ಚಹಾ ಕುಡಿಸಿ ಕಳಸ್ತೇನಿ. ಬೈದ್ರ ಬೈಸಿಕೊಳ್ತೇನಿ." ಹೊರಗೆ ಬಂದು ಚನಬಸಪ್ಪನ ಮುಂದೆ ನಿಂತ. "ನಿಮ್ಮವ್ವನ್ನ ಯಾವಾಗ ಕರಕೊಂಡು ಬರ್ತಿ?"

"ನಾಳಿ ಸೋಮವಾರ ಐತ್ರಿ!"

"ಭಾಳ ಗಡಿಬಿಡಿ ಮನಷ್ಯಾ ನೀ," ಎಂದ ಅಂದಾನೆಪ್ಪ. ಅವನ ಮೀಸೆಯಡಿಯಲ್ಲಿ ನಗು ಇತ್ತೋ ಇಲ್ಲವೋ, ಸುಶೀಲಾಗೆ ಕಣ್ಣೀರಿನಲ್ಲಿ ಕಾಣಲಿಲ್ಲ.

*

ಸೋಮವಾರ ಸಂಜೆ ಚನಬಸಪ್ಪನ ತಾಯಿ ಶಿವವ್ವ ಬಂದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಬುತ್ತಿಯ ಗಂಟು. ಸುಶೀಲಾಳನ್ನು ಎದುರಿಗೆ ಕೂಡಿಸಿಕೊಂಡು, ಗಲ್ಲ ಹಿಡಿದು ನೋಡಿದಳು. ಕಿವಿ ಕೇಳದವರ ರೂಢಿಯಂತೆ ಅವಳ ದನಿಯೂ ದೊಡ್ಡದು.

"ನನ್ನ ಮಗನ ಮಾಡಿಕೊಳ್ಳಾಕ ಒಪ್ಪಿಗಿ ಐತೇನ ಮಗಳ?"

ಸುಶೀಲಾ ನಾಚಿ ತಲೆಯಾಡಿಸಿದಳು.

"ತಲಿ ಅಲ್ಲಾಡಿಸೂದು ಬ್ಯಾಡ. ಬಾಯ್ಲೆ ಅನ್ನು. ನನ್ನ ಲಗ್ನದಾಗ ನನ್ನ ಯಾರೂ ಕೇಳಿದ್ದಿಲ್ಲ. ಅದಕ್ಕ ನಾ ಕೇಳಾಕತ್ತೇನಿ. ನಿನ್ನ ಬಾಯಿಂದ ಕೇಳಿದ ಮ್ಯಾಲ ನಾ ಎಲಿ ಅಡಿಕಿ ಮುಟ್ಟಾಕಿ."

ಸುಶೀಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಒಪ್ಪಿಗಿ ಐತ್ರಿ..."

"ಏನಂದಿ?"

"ಒಪ್ಪಿಗಿ ಐತ್ರಿ."

"ಕೇಳವಲ್ದವಾ! ಜೋರ ಅನ್ನು!"

ಸಕ್ಕುಬಾಯಿ ಬಾಯಿಗೆ ಸೆರಗು ತುರುಕಿಕೊಂಡಳು. ಅಂದಾನೆಪ್ಪ ಸೂರು ನೋಡತೊಡಗಿದ. ಚನಬಸಪ್ಪ ಮಾತ್ರ ಅವಳನ್ನೇ ನೋಡುತ್ತಿದ್ದ.

ಸುಶೀಲಾ ನಾಚಿಕೆ ಬಿಟ್ಟಳು. ಎದ್ದು ಮೊಣಕಾಲೂರಿ, ಶಿವವ್ವನ ಕಿವಿಯ ಹತ್ತಿರ ಬಾಯಿಟ್ಟು, ಎದೆ ತುಂಬ ಉಸಿರೆಳೆದು ಕೂಗಿದಳು.

"ಒಪ್ಪಿಗಿ ಐತ್ರಿ ಅತ್ತೀ! ನನಗ ನಿಮ್ಮ ಮಗ ಬೇಕ್ರಿ!"

"ನಮಗೂ ಕೇಳಸ್ತವಾ!" ಎಂದು ಪಕ್ಕದ ಮನೆಯಿಂದ ಯಾರೋ ಕೂಗಿದರು. ಕಾರ್ಮಿಕರ ಮನೆಗಳ ಇಡೀ ಸಾಲು ನಕ್ಕಿತು.

ಶಿವವ್ವ ನಗಲಿಲ್ಲ. ಎರಡೂ ಕೈಯಿಂದ ಅವಳ ಮುಖ ಹಿಡಿದುಕೊಂಡಳು. ಮುದಿ ಕಣ್ಣು ತುಂಬಿದ್ದವು.

"ಈಗ ಕೇಳ್ತು," ಎಂದು ಎಲೆ ಅಡಿಕೆ ಕೈಗೆತ್ತಿಕೊಂಡಳು.

ಎಲ್ಲರೂ ಚಹಾದ ಗದ್ದಲದಲ್ಲಿದ್ದಾಗ ಚನಬಸಪ್ಪ ನೀರು ಕುಡಿಯುವ ನೆಪದಲ್ಲಿ ಹಿತ್ತಲ ಬಾಗಿಲಿಗೆ ಬಂದ. ಸುಶೀಲಾ ಅಲ್ಲಿ ತಂಬಿಗೆ ಹಿಡಿದು ನಿಂತಿದ್ದಳು.

"ಊರಿಗೆಲ್ಲಾ ಹೇಳಿದ್ರಿ. ನಿನ್ನೆ ಮೊದಲ ಕೇಳಿದಾಂವ ನಾನು. ನನಗ ಇನ್ನೂ ಉತ್ತರ ಕೊಟ್ಟಿಲ್ಲ."

"ಕೇಳಸ್ಲಿಲ್ಲೇನು? ಅಷ್ಟ ಜೋರ ಒದರಿದ್ನಲ್ಲಾ!"

"ಅದು ಅವ್ವಗ ಹೇಳಿದ್ದು. ನನಗ ಕಿವಿ ಚಲೋ ಅದಾವ ಸುಶೀಲಾ... ಸಣ್ಣಗ ಹೇಳಿದ್ರೂ ನಡೀತೈತಿ."

ಅವಳು ತಂಬಿಗೆಯನ್ನು ಅವನ ಕೈಗಿಟ್ಟಳು. ಒಂದು ಹೆಜ್ಜೆ ಹತ್ತಿರ ಬಂದಳು. ಒಳಗಿನ ನಗು, ಬಟ್ಟಲುಗಳ ಸದ್ದು, ಯಾವುದೂ ಅವಳಿಗೆ ಕೇಳಿಸುತ್ತಿರಲಿಲ್ಲ.

"ಬರ್ತೇನಿ," ಎಂದಳು, ಅವನೊಬ್ಬನಿಗೆ ಕೇಳುವಷ್ಟು ಸಣ್ಣಗೆ. "ನಿಮ್ಮನಿಗೆ ಬರ್ತೇನಿ."